ನರ್ಮದತ್ತೆಯ ಎರಡನೇ ಬೀಗ

ನಮ್ಮ ನರ್ಮದತ್ತೆಗೂ ಹೆದರಿಕೆ ಎನ್ನುವುದು ಇದೆ ಎಂದು ನನಗೆ ಗೊತ್ತಾದದ್ದು ಹೋದ ವರ್ಷ. ಅಲ್ಲಿಯವರೆಗೆ ಹೆದರುವುದು ಬೇರೆಯವರ ಕೆಲಸವಾಗಿತ್ತು. ಸೊರಬದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಅವಳ ಮನೆ. ಅದರ ಮುಂಕೋಣೆಯಲ್ಲಿ ಗಂಡಿನ ಅಪ್ಪಂದಿರು ಶಾಲೆ ಮಕ್ಕಳ ಹಾಗೆ ಮೊಣಕಾಲು ಜೋಡಿಸಿಕೊಂಡು ಕೂತಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. "ನಿಮ್ಮ ಹುಡುಗಂಗೆ ಸಕ್ಕರೆ ಕಾಯಿಲೆ ಇದ್ಯಂತೆ, ಅರ್ಜಿಲಿ ಯಾಕೆ ಬರೀಲಿಲ್ಲ?" ಎಂದು ಅವಳು ಕನ್ನಡಕದ ಮೇಲಿಂದ ನೋಡಿದರೆ ಎಂಥ ದೊಡ್ಡ ಮನುಷ್ಯನೂ ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದ.

ನರ್ಮದತ್ತೆ ನನ್ನ ಅಪ್ಪನ ಅಕ್ಕ. ವಯಸ್ಸು ಅರವತ್ತಮೂರು. ಇಪ್ಪತ್ತೆಂಟು ವರ್ಷದಿಂದ ವಧೂವರ ಮಾಹಿತಿ ಕೇಂದ್ರ ನಡೆಸುತ್ತಾಳೆ. ಮೊದಲು ನಮ್ಮವರಿಗಷ್ಟೇ ಇತ್ತು, ಆಮೇಲೆ ಎಲ್ಲ ಜಾತಿಯವರೂ ಬರತೊಡಗಿದರು. ಈ ಕೆಲಸಕ್ಕೆ ಅವಳು ಇಳಿದದ್ದಕ್ಕೆ ಒಂದು ಕಾರಣವಿದೆ. ಅವಳ ಮದುವೆಯಾದ ಎಂಟನೇ ದಿನ ಅನಂತ ಮಾವ ಬಾವಿಕಟ್ಟೆಯ ಹತ್ತಿರ ಮೂರ್ಛೆ ಬಂದು ಬಿದ್ದರು. ಚಿಕ್ಕಂದಿನಿಂದ ಇದ್ದ ಕಾಯಿಲೆ. ಸಂಬಂಧ ತಂದ ಮನುಷ್ಯನಿಗೆ ಗೊತ್ತಿತ್ತು, ಹೇಳಿರಲಿಲ್ಲ. ಅತ್ತೆ ಗಂಡನನ್ನು ಹದಿನಾಲ್ಕು ವರ್ಷ, ಅವರು ಹೋಗುವವರೆಗೂ, ಮಗುವಿನ ಹಾಗೆ ನೋಡಿಕೊಂಡಳು. ಸಿಟ್ಟೇನಿದ್ದರೂ ಆ ಮಧ್ಯಸ್ಥನ ಮೇಲೆ. "ಹೇಳಿದ್ರೆ ನಾನು ಆಗ್ಲೂ ಇವ್ರನ್ನೇ ಒಪ್ತಿದ್ನೇನೋ ಮಾರಾಯ್ತಿ. ಆದ್ರೆ ಗೊತ್ತಿದ್ದು ಒಪ್ತಿದ್ದೆ" ಎನ್ನುತ್ತಿದ್ದಳು. ಆದ್ದರಿಂದ ಅವಳ ಕೇಂದ್ರಕ್ಕೆ ಒಂದೇ ನಿಯಮ. ಏನನ್ನೂ ಮುಚ್ಚಿಡಬಾರದು. ಯಾರು ಫೋನ್ ಮಾಡಿ ಕೇಳಿದರೂ ಹುಡುಗನ ಸಂಬಳ, ಹುಡುಗಿಯ ಓದು, ಅಜ್ಜಿಯ ಅಸ್ತಮಾ, ಎಲ್ಲವನ್ನೂ ಹೇಳಿಬಿಡುತ್ತಿದ್ದಳು.

ನಾನು ಶ್ರೀರಂಜಿನಿ. ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಐದು ವರ್ಷದ ಹಿಂದೆ ಅತ್ತೆಯ ಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಟ್ರಂಕಿನಲ್ಲಿದ್ದ ಸಾವಿರದ ನೂರು ಫೈಲುಗಳನ್ನು ಮೂರು ತಿಂಗಳು ಕೂತು ಏರಿಸಿದೆವು. ಪ್ರತಿಯೊಬ್ಬರಿಗೂ ಒಂದು ಪುಟ, ಒಂದು ಲಾಗಿನ್, ಒಂದು ಪಾಸ್‌ವರ್ಡ್.

"ಪಾಸ್‌ವರ್ಡ್ ಅಂದ್ರೆ ಜನಕ್ಕೆ ನೆನಪಿರೋ ಅಂಥದ್ದು ಇಡೇ. ಹುಟ್ಟಿದ ನಕ್ಷತ್ರ, ಹುಟ್ಟಿದ ವರ್ಷ. ಅದನ್ನ ಯಾರೂ ಮರೆಯಲ್ಲ" ಎಂದಳು ಅತ್ತೆ.

ಲಾಗಿನ್ ಹೆಸರು ಫೈಲ್ ನಂಬರ್. ಪಾಸ್‌ವರ್ಡ್ ಮರೆತರೆ ಕೇಳುವ ಪ್ರಶ್ನೆ ಎರಡು. ಹುಟ್ಟಿದ ವೇಳೆ ಎಷ್ಟು, ತಾಯಿಯ ಹೆಸರೇನು. ಭಲೇ, ಎಷ್ಟು ಚೆನ್ನಾಗಿದೆ ಎಂದು ನಾನೂ ಒಪ್ಪಿದೆ. ತರಗತಿಯಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟ ಮಕ್ಕಳ ಮೇಲೆ ಕೂಗಾಡುವ ನಾನು!

ಇದರಲ್ಲಿ ತಪ್ಪೇನು ಎಂದು ನಿಮಗೆ ಹೊಳೆದಿರಬಹುದು. ನಮಗೆ ನಾಲ್ಕು ವರ್ಷ ಹೊಳೆಯಲಿಲ್ಲ. ನಮ್ಮ ಕಡೆ ಸಂಬಂಧ ನೋಡುವಾಗ ಮೊದಲು ಕೊಡುವುದು ಜಾತಕ. ಗಂಡಿನವರು ಬಂದರೆ ಒಂದು ಜೆರಾಕ್ಸ್, ಅವರ ಜೋಯಿಸರಿಗೆ ಇನ್ನೊಂದು, ಈಗೀಗ ವಾಟ್ಸಾಪಿನಲ್ಲಿ ಮತ್ತಷ್ಟು. ಕೂಡಿ ಬರದಿದ್ದರೆ ಅದನ್ನು ವಾಪಸ್ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಆ ಹಾಳೆಯಲ್ಲಿ ಹುಡುಗಿಯ ನಕ್ಷತ್ರ ಇದೆ, ಹುಟ್ಟಿದ ವರ್ಷ ಇದೆ, ವೇಳೆ ನಿಮಿಷದ ಲೆಕ್ಕದಲ್ಲಿ ಇದೆ, ತಾಯಿಯ ಹೆಸರಿದೆ, ಚಿಕ್ಕಮ್ಮ ಸೋದರಮಾವಂದಿರ ಊರೂ ಇದೆ. ತಲೆಯ ಮೇಲೆ ಅತ್ತೆಯ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ, ಫೈಲ್ ನಂಬರ್ ಇದೆ. ಎರಡು ತಾಲೂಕಿನ ಹೆಣ್ಣುಮಕ್ಕಳ ಪುಟದ ಬೀಗದ ಕೈಯನ್ನು ನಾವೇ ಜೆರಾಕ್ಸ್ ಮಾಡಿ ಹಂಚಿದ್ದೆವು.

ಅದನ್ನು ನಮಗೆ ತಿಳಿಸಿದವಳು ಅಶ್ವಿನಿ. ಫೈಲ್ ನಂಬರ್ ಆರುನೂರ ಹದಿನಾಲ್ಕು, ಪುನರ್ವಸು ನಕ್ಷತ್ರ, ಹುಟ್ಟಿದ್ದು ತೊಂಬತ್ತೇಳರಲ್ಲಿ. ಶಿರಾಳಕೊಪ್ಪದವಳು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಪ್ಪ ಇಲ್ಲ, ಅಣ್ಣ ತಮ್ಮಂದಿರಿಲ್ಲ, ಅಮ್ಮ ದುರ್ಗಮ್ಮ ಒಬ್ಬಳೇ.

ಶನಿವಾರ ಮಧ್ಯಾಹ್ನ ಬಂದಳು. ನಾನೂ ಅತ್ತೆಯ ಮನೆಯಲ್ಲೇ ಇದ್ದೆ. ಕೂತುಕೋ ಎಂದರೆ ಕೂರಲಿಲ್ಲ. ಅತ್ತೆ ಕೊಟ್ಟ ನೀರಿನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ಬಾಗಿಲ ಪಕ್ಕದಲ್ಲೇ ನಿಂತು ಮಾತಾಡಿದಳು.

"ನರ್ಮದಮ್ಮ, ನಾನು ಶಿಕಾರಿಪುರದಾಗೆ ಹೊಸ ಕೆಲಸಕ್ಕೆ ಸೇರಿದ್ದು ನಮ್ಮವ್ವಂಗೂ ನಿಮಗೂ ಬಿಟ್ರೆ ಯಾರಿಗೂ ಗೊತ್ತಿಲ್ರಿ. ಆ ಅರುಣ ಮೂರೇ ದಿನಕ್ಕೆ ಲ್ಯಾಬ್ ಎದುರಿಗೆ ಬಂದು ನಿಂತಿದ್ದ."

ಅರುಣ ಎಂದರೆ ಆನವಟ್ಟಿ ಕಡೆಯ ಹುಡುಗ. ಮಾರ್ಚಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ಆಗಿತ್ತು. ಜಾತಕ ಚೆನ್ನಾಗಿ ಕೂಡಿತ್ತು. ಅಶ್ವಿನಿ ಬೇಡ ಎಂದಿದ್ದಳು. ಅದಾದ ಮೇಲೆ ಅವನು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ದಿನಾ ಬಂದು ನಿಲ್ಲತೊಡಗಿದ. ಅವಳು ಠಾಣೆಗೆ ಅರ್ಜಿ ಕೊಟ್ಟಳು. ಅವನು ತಪ್ಪಾಯಿತು ಎಂದು ಕೈಮುಗಿದು ಮುಚ್ಚಳಿಕೆ ಬರೆದುಕೊಟ್ಟ. ಅದಕ್ಕೇ ಅವಳು ಕೆಲಸ ಬಿಟ್ಟು ಶಿಕಾರಿಪುರಕ್ಕೆ ಬಂದದ್ದು.

ಅತ್ತೆಯ ಮುಖ ಬಿಳಚಿತು. "ನಾನು ಹೇಳ್ದ್ನಾ? ಯಾರಾದ್ರೂ ಫೋನ್ ಮಾಡ್ದಾಗ ನಾನೇ ಹೇಳ್ಬಿಟ್ನಾ?" ಎಂದು ತನ್ನನ್ನೇ ಕೇಳಿಕೊಂಡಳು.

"ನೀವು ಹೇಳಿಲ್ರಿ. ಪೇಜಿನಾಗೆ 'ಕೇಂದ್ರದವರಿಗೆ ಮಾತ್ರ' ಅಂತ ಒಂದು ಜಾಗ ಐತಲ್ರಿ, ಹೊಸ ಕೆಲಸದ್ದು ಅಲ್ಲೇ ಬರೆದಿದ್ದೆ. ಇನ್ನೊಂದು ಮಾತೂ ಬರೆದಿದ್ದೆ. ಅಪ್ಪ ಕುಡಿದು ಕುಡಿದೇ ಸತ್ತರು, ಕುಡಿಯೋರು ಬೇಡ ಅಂತ. ಅದನ್ನ ನಮ್ಮವ್ವಂಗೂ ತೋರಿಸಿಲ್ಲ. ನಿನ್ನೆ ಅವನು ಪಕ್ಕಕ್ಕೆ ಬಂದು, 'ನಿಮ್ಮಪ್ಪನ ತರ ನಾನು ಕುಡಿಯಲ್ಲ, ಹೆದರಬೇಡ' ಅಂದ." ಕೈಯಲ್ಲಿದ್ದ ಲೋಟ ವಾಲಿ ಅರ್ಧ ನೀರು ಚೆಲ್ಲಿತು. "ಹೆದರಬೇಡ ಅಂತ ಅವನು ಅಂದಮೇಲೇ ನಂಗೆ ನಿಜವಾಗಿ ಹೆದರಿಕೆ ಹತ್ತಿದ್ದು."

ನಾನು ಲ್ಯಾಪ್‌ಟಾಪ್ ತೆಗೆದು ಅವಳ ಪುಟಕ್ಕೆ ಯಾರು ಯಾವಾಗ ಬಂದಿದ್ದಾರೆ ಎಂದು ನೋಡಿದೆ. ಎರಡು ತಿಂಗಳಲ್ಲಿ ನೂರ ಎಂಬತ್ತೇಳು ಸಲ. ಅಶ್ವಿನಿ ತಾನು ನೋಡಿದ್ದು ನಾಲ್ಕು ಸಲ ಎಂದಳು. ಉಳಿದದ್ದು ಅವನು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಪೂಜೆ ಮಾಡುವವನ ಹಾಗೆ ತಪ್ಪದೆ ಮೂರು ಹೊತ್ತು ಬಂದಿದ್ದ. ನಾನು ಕಟ್ಟಿದ ಮನೆಯೊಳಗೆ ಒಬ್ಬ ಎರಡು ತಿಂಗಳಿಂದ ಕೂತಿದ್ದಾನೆ, ನನಗೆ ಗೊತ್ತೇ ಇಲ್ಲ!

ಅಲ್ಲೇ ಪಾಸ್‌ವರ್ಡ್ ಬದಲಿಸಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನೋಡಿದರೆ ಅವನು ಮತ್ತೆ ಒಳಗಿದ್ದ. ಪಾಸ್‌ವರ್ಡ್ ಮರೆತೆ ಎಂದು ಒತ್ತಿದ್ದಾನೆ, ಹುಟ್ಟಿದ ವೇಳೆ ಬರೆದಿದ್ದಾನೆ, ದುರ್ಗಮ್ಮ ಎಂದು ಬರೆದಿದ್ದಾನೆ, ತನಗೆ ಬೇಕಾದ ಪಾಸ್‌ವರ್ಡ್ ಇಟ್ಟುಕೊಂಡಿದ್ದಾನೆ. ಅಂದೇ ಇಡೀ ವೆಬ್‌ಸೈಟಿಗೆ ಬಾಗಿಲು ಹಾಕಿದೆ.

"ನಿನ್ನ ಪೇಜನ್ನೇ ಅಳಿಸಿಬಿಡ್ತೀನಿ ಅಶ್ವಿನಿ" ಎಂದು ಫೋನಿನಲ್ಲಿ ಹೇಳಿದೆ.

"ಯಾಕ್ರಿ ಅಳಿಸ್ತೀರಿ? ಅವನಿಗೆ ಹೆದರಿ ನಾನು ಮದುವೆ ಆಗದೆ ಇರ್ಬೇಕಾ? ನಮ್ಮವ್ವಂಗೆ ನನ್ನ ಬಿಟ್ರೆ ಯಾರಿದಾರೆ? ಅವನು ಬರದಂಗೆ ಮಾಡ್ರಿ ಮೇಡಂ. ನಾನ್ಯಾಕೆ ಹೋಗ್ಲಿ?" ಎಂದಳು. ಅವಳ ಮಾತು ನನಗೆ ಹಿಡಿಸಿತು. ಸರಿಯಮ್ಮ, ಅವನು ಬರದ ಹಾಗೆಯೇ ಮಾಡುತ್ತೇನೆ ಎಂದು ಹಟ ತೊಟ್ಟೆ.

ಎರಡನೇ ಬೀಗ ಎಂದರೆ ನಿಮಗೆಲ್ಲ ಬ್ಯಾಂಕಿನಿಂದ ಗೊತ್ತಿರುವುದೇ. ಪಾಸ್‌ವರ್ಡ್ ಹಾಕಿದರೆ ಸಾಲದು, ಮೊಬೈಲಿಗೆ ಆರಂಕಿಯ ಓಟಿಪಿ ಬರಬೇಕು, ಐದು ನಿಮಿಷದೊಳಗೆ ಅದನ್ನೂ ಹಾಕಬೇಕು. ಎಸ್ಸೆಮ್ಮೆಸ್ ಕಳಿಸಲು ಅನುಮತಿ ಸಿಗುವುದಕ್ಕೇ ಹನ್ನೊಂದು ದಿನ ಹಿಡಿಯಿತು. ಪಾಸ್‌ವರ್ಡ್ ಮರೆತವರ ಪ್ರಶ್ನೆಗಳನ್ನು ಕಿತ್ತುಹಾಕಬೇಕಿತ್ತು, ಹಾಕಲಿಲ್ಲ. ತಿಂಗಳಿಗೆ ಇಪ್ಪತ್ತು ಮೂವತ್ತು ಜನ ಮರೆಯುತ್ತಾರೆ, ಅವರೆಲ್ಲ ಅತ್ತೆಯ ತಲೆ ತಿನ್ನುತ್ತಾರೆ, ಹೇಗೂ ಎರಡನೇ ಬೀಗ ಇದೆಯಲ್ಲ ಎಂದು ಬಿಟ್ಟೆ.

ತೊಡಕು ಇನ್ನೊಂದಿತ್ತು. ಹುಡುಗಿಯ ಸ್ವಂತ ನಂಬರನ್ನು ಪುಟಕ್ಕೆ ಹಾಕುವ ಪದ್ಧತಿ ನಮ್ಮ ಕೇಂದ್ರದಲ್ಲಿ ಇರಲಿಲ್ಲ. ಅಪ್ಪನದೋ ಅಣ್ಣನದೋ ಹಾಕುತ್ತಿದ್ದೆವು. ಅಂಥವರು ಯಾರೂ ಇಲ್ಲದ ಎಂಬತ್ತೆರಡು ಹುಡುಗಿಯರ ಪುಟದಲ್ಲಿ ಅತ್ತೆ ತನ್ನ ನಂಬರನ್ನೇ ಕೊಟ್ಟಿದ್ದಳು. ಅಶ್ವಿನಿಯದೂ ಅದರಲ್ಲೊಂದು. ಆ ಎಂಬತ್ತೆರಡು ಓಟಿಪಿಯೂ ಅತ್ತೆಯ ಗುಂಡಿ ಒತ್ತುವ ಫೋನಿಗೇ ಬರುತ್ತವೆ.

"ಅತ್ತೆ, ಆ ಆರಂಕಿಯನ್ನ ಯಾರಿಗೂ ಹೇಳ್ಬಾರ್ದು."

"ಯಾರಿಗೂ ಅಂದ್ರೆ? ಹುಡುಗಿನೇ ಫೋನ್ ಮಾಡಿ ಕೇಳಿದ್ರೆ?"

"ಹುಡುಗಿಗೆ ಹೇಳ್ಬೇಕಪ್ಪಾ. ಅವ್ಳ ಮನೆಯವ್ರಿಗೆ ಹೇಳ್ಬೇಕು. ಇಲ್ದಿದ್ರೆ ಅವ್ರು ಒಳಗೆ ಹೋಗೋದ್ಹೆಂಗೆ?"

"ಹುಡುಗಿ ಮನೆಯವ್ರೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಎಂಥ ಸರಿಯಾದ ಪ್ರಶ್ನೆ ಅದು! ನಾನು ಏನೆಂದೆ ಗೊತ್ತೇ? "ಎರಡು ತಾಲೂಕಿನವರ ದನಿ ನಿಂಗೆ ಗೊತ್ತಲ್ಲ ಅತ್ತೆ, ಏನಾದ್ರೂ ಎರಡು ಪ್ರಶ್ನೆ ಕೇಳು, ಗೊತ್ತಾಗುತ್ತೆ" ಎಂದೆ. ಹಾಗೆಂದು ನಕ್ಕೆನೂ ಕೂಡ.

ಅಷ್ಟರಲ್ಲಿ ಅಶ್ವಿನಿ ಶಿಕಾರಿಪುರದಲ್ಲೇ ಇನ್ನೊಂದು ಕಡೆ ರೂಮು ಹಿಡಿದಿದ್ದಳು. ನನ್ನ ಕಾಲೇಜಿನಿಂದ ಹತ್ತು ನಿಮಿಷದ ದಾರಿ, ಒಂದು ಮನೆಯ ಮಹಡಿ ಮೇಲೆ. ಪುಟದಲ್ಲಿ ವಿಳಾಸದ ಜಾಗ ಖಾಲಿ ಬಿಡುವ ಹಾಗಿರಲಿಲ್ಲ, ಹಾಗೆ ಮಾಡಿದ್ದವಳೂ ನಾನೇ. ಅತ್ತೆ ಬೆರಳನ್ನು ಲ್ಯಾಪ್‌ಟಾಪಿನ ಗುಂಡಿಗಳ ಮೇಲೆ ಇಟ್ಟುಕೊಂಡು ಅನುಮಾನಿಸಿದಳು. "ಬರೀಲೇನೇ ರಂಜಿನಿ? ಯಾಕೋ ಮನಸ್ಸು ಬರ್ತಿಲ್ಲ."

"ಬರಿ ಅತ್ತೆ. ಇನ್ನು ಅವನಪ್ಪ ಬಂದ್ರೂ ಒಳಗೆ ಬರಕ್ಕಾಗಲ್ಲ" ಎಂದೆ. ಅತ್ತೆ ಬರೆದಳು.

ವೆಬ್‌ಸೈಟ್ ತೆರೆದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅತ್ತೆಯ ಫೋನು ಟಿಣ್ ಎಂದಿತು. ಫೈಲ್ 614ರ ಓಟಿಪಿ. ಅಶ್ವಿನಿಗೆ ಫೋನ್ ಮಾಡಿದರೆ ಅವಳು ಕೆಲಸದಲ್ಲಿದ್ದಳು, ಪುಟ ತೆರೆದೇ ಇರಲಿಲ್ಲ. ಹತ್ತೂವರೆಗೆ ಮತ್ತೊಂದು ಬಂತು. ಮಧ್ಯಾಹ್ನಕ್ಕೆ ಮೂರು ಬಂದವು.

ಸಂಜೆ ಅತ್ತೆ ನನಗೆ ಫೋನ್ ಮಾಡಿದಳು. "ಬಂದ ಕಣೇ."

"ಯಾರು?"

"ಅವ್ನೇ. ಈಗಷ್ಟೇ ಬಂದು ಹೋದ." ಗೇಟಿನ ಹತ್ತಿರ ಯಾರೋ ನಿಂತಿರುವವರ ಹಾಗೆ ದನಿ ತಗ್ಗಿಸಿ ಹೇಳಿದಳು.

"ಅತ್ತೆ, ಬೀಗ ಕೆಲಸ ಮಾಡ್ತಿದೆ ಅಂತ ಅರ್ಥ ಅದು. ಮೊದ್ಲು ಅವನು ಸದ್ದಿಲ್ದೆ ಒಳಗೆ ಬರ್ತಿದ್ದ. ಈಗ ಹೊರಗೆ ನಿಂತು ಬಾಗ್ಲು ಬಡೀತಿದಾನೆ, ಅಷ್ಟೆ. ಖುಷಿಪಡು."

"ಬಡಿಯೋದು ನಿಂಗೆ ಕೇಳಲ್ವಲ್ಲ, ನಂಗೆ ಕೇಳೋದು" ಎಂದು ಫೋನಿಟ್ಟಳು.

ಅಲ್ಲಿಂದ ದಿನಕ್ಕೆ ಎಂಟು ಹತ್ತು ಸಲ. ಊಟಕ್ಕೆ ಕೂತಾಗ ಟಿಣ್. ಹೂ ಕೊಯ್ಯುವಾಗ ಟಿಣ್. ಫೋನು ಆರಿಸಿಡು ಎಂದರೆ ಉಳಿದ ಎಂಬತ್ತೊಂದು ಹುಡುಗಿಯರಿಗೆ ಯಾರು ಹೇಳುತ್ತಾರೆ ಎನ್ನುತ್ತಿದ್ದಳು. ಒಂದು ಶನಿವಾರ ಹೋಗಿ ನೋಡಿದರೆ ಮುಂಬಾಗಿಲಿಗೆ ಹಾಡುಹಗಲೇ ಚಿಲಕ. ಇಪ್ಪತ್ತೆಂಟು ವರ್ಷದಲ್ಲಿ ಹಗಲು ಆ ಬಾಗಿಲು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಕಿಟಕಿಯಿಂದ ನೋಡಿ, ನಾನೇ ಎಂದು ಖಾತ್ರಿಯಾದ ಮೇಲೆ ತೆಗೆದಳು. ಸೊರಗಿದ್ದಳು. ಸೆರಗಿನ ತುದಿಯಲ್ಲಿ ಫೋನು ಕಟ್ಟಿಕೊಂಡಿದ್ದಳು. "ಅವ್ನು ಬಡೀತಿರೋದು ವೆಬ್‌ಸೈಟನ್ನ ಅತ್ತೆ, ನಿನ್ನ ಮನೆ ಬಾಗ್ಲನ್ನಲ್ಲ" ಎಂದು ಗದರಿದೆ.

"ನಿಂಗೆ ಬಾಗ್ಲು ಅಂದ್ರೆ ಮರದ್ದು ಮಾತ್ರ ಗೊತ್ತು" ಎಂದಳು. ನಗಿಸಲು ಹೇಳಿದ ಮಾತಲ್ಲ ಅದು.

ಆಮೇಲೆ ಒಂದು ವಾರ ಏನೂ ಬರಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಅತ್ತೆಗೆ ಮಾತ್ರ ಆ ವಾರ ಇನ್ನೂ ಕಷ್ಟವಾಯಿತಂತೆ. ಬಡಿಯುವವನು ಎಲ್ಲಿದ್ದಾನೆ ಎಂದಾದರೂ ಗೊತ್ತಿರುತ್ತಿತ್ತು, ಈಗ ಅದೂ ಇಲ್ಲ.

ಗುರುವಾರ ಹನ್ನೊಂದೂವರೆಗೆ ಟಿಣ್ ಎಂದಿತು. ಹಿಂದೆಯೇ ಫೋನು ಬಡಿದುಕೊಂಡಿತು. ಹೆಂಗಸಿನ ದನಿ, ವಯಸ್ಸಾದವಳು, ಮೆತ್ತಗೆ ಮಾತಾಡುವವಳು.

"ನರ್ಮದಮ್ಮಾರಾ? ನಾನು ದುರ್ಗಮ್ಮನ ತಂಗಿ ರೀ, ಹಾನಗಲ್ಲಿಂದ. ನಮ್ಮ ಅಶ್ವಿನಿ ಇಲ್ಲೇ ಬಂದಾಳ್ರಿ. ಗಂಡಿನ ಫೋಟೋ ನೋಡ್ಬೇಕು ಅಂತ ಕೂತೀವಿ. ನಿಮಗೊಂದು ನಂಬರ್ ಬಂದೈತಂತಲ್ಲ, ಹೇಳ್ರಿ."

ದುರ್ಗಮ್ಮನಿಗೆ ಹಾನಗಲ್ಲಿನಲ್ಲಿ ತಂಗಿ ಇರುವುದು ಅತ್ತೆಗೆ ಗೊತ್ತಿತ್ತು. ಆದರೂ ಬಿಡಲಿಲ್ಲ. "ಹುಡುಗಿಗೆ ಫೋನ್ ಕೊಡಿ" ಎಂದಳು.

"ನಾಚಿಕೆ ರೀ ಅವಳಿಗೆ, ಒಳಗೆ ಓಡಿದಳು. ಬೇಗ ಹೇಳ್ರಿ ತಾಯಿ, ಐದು ನಿಮಿಷ ಆದ್ರೆ ಹೋಗ್ತದಂತೆ."

ಐದು ನಿಮಿಷ ಎಂದದ್ದೇ ಅತ್ತೆಗೆ ಗಾಬರಿಯಾಯಿತು. ನಾನು ಹೇಳಿಕೊಟ್ಟಿದ್ದು ನೆನಪಾಗಿ ಪ್ರಶ್ನೆ ಕೇಳಿದಳು. ಅಶ್ವಿನಿಯ ನಕ್ಷತ್ರ ಯಾವುದು?

"ಪುನರ್ವಸು ರೀ."

ಹುಟ್ಟಿದ್ದು ಯಾವಾಗ?

ಆ ಹೆಂಗಸು ತಾರೀಖು ಹೇಳಿದಳು, ವಾರ ಹೇಳಿದಳು, "ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ" ಎಂದಳು. ಎಲ್ಲವೂ ಸರಿಯಾಗಿತ್ತು. ಅತ್ತೆ ಆರಂಕಿಯನ್ನು ಒಂದೊಂದಾಗಿ ಓದಿ ಹೇಳಿದಳು. ದೇವರು ಒಳ್ಳೇದು ಮಾಡಲಿ ಎಂದು ಆ ಕಡೆಯವಳು ಫೋನಿಟ್ಟಳು.

ಅತ್ತೆ ಅಡುಗೆಮನೆಗೆ ಹೋಗಿ ಸಾರಿನ ಒಲೆ ಸಣ್ಣ ಮಾಡಿದಳಂತೆ. ಆಗ ಹೊಳೆಯಿತು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಚಿಕ್ಕಮ್ಮನೂ, ಯಾವ ಅತ್ತೆಯೂ ಅವಳಿಗೆ ನಿಮಿಷ ಹೇಳಿದ್ದಿಲ್ಲ. ಹಾಲು ಕರೆಯೋ ಹೊತ್ತು ಎನ್ನುತ್ತಾರೆ. ರೇಡಿಯೋದಲ್ಲಿ ವಾರ್ತೆ ಬರ್ತಿತ್ತು ಎನ್ನುತ್ತಾರೆ. ಹೆತ್ತ ತಾಯಿಯೇ ಆಸ್ಪತ್ರೆ ಚೀಟಿ ಹುಡುಕಬೇಕು. ನಲವತ್ತೆರಡು ನಿಮಿಷ ಎನ್ನಬೇಕಾದರೆ ಕೈಯಲ್ಲಿ ಜಾತಕ ಹಿಡಿದುಕೊಂಡು ಓದುತ್ತಿರಬೇಕು.

ಅವಳು ಮೊದಲು ಫೋನ್ ಮಾಡಿದ್ದು ನನಗೆ. ನಾನು ಕಾಲೇಜಿನಲ್ಲಿ ಮಕ್ಕಳಿಗೆ ಪ್ರಾಕ್ಟಿಕಲ್ ನಡೆಸುತ್ತಿದ್ದೆ. "ಕೊಟ್ಬಿಟ್ಟೆ ಕಣೇ. ನಂಬರ್ ಕೊಟ್ಬಿಟ್ಟೆ" ಎಂದಷ್ಟೇ ಹೇಳಿ ಫೋನಿಟ್ಟು ಅಶ್ವಿನಿಗೆ ಮಾಡಿದಳು. ನಾನು ಅಲ್ಲೇ ಒಂದು ಕಂಪ್ಯೂಟರಿನಲ್ಲಿ ನೋಡಿದೆ. ಹನ್ನೊಂದು ಮೂವತ್ತೈದಕ್ಕೆ ಒಳಗೆ ಬಂದಿದ್ದಾನೆ. ಫೋಟೋ ನೋಡಿಲ್ಲ, ಬೇರೆ ಏನೂ ನೋಡಿಲ್ಲ. ನೇರ ವಿಳಾಸಕ್ಕೆ ಹೋಗಿದ್ದಾನೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತೇಳು. ಅವನು ಈ ಊರಿನಲ್ಲೇ ಇದ್ದರೆ? ಗುರುವಾರ ಅಶ್ವಿನಿಗೆ ವಾರದ ರಜೆ, ಅವಳು ರೂಮಿನಲ್ಲೇ ಇರುತ್ತಾಳೆ. ಮಕ್ಕಳಿಗೆ ಏನು ಹೇಳಿದೆನೋ ನೆನಪಿಲ್ಲ, ಓಡಿದೆ. ಸ್ಕೂಟಿ ಹತ್ತಿ ಅವಳ ರೂಮಿನ ಕಡೆ ಹೊರಟೆ.

ಆ ಹೊತ್ತಿನಲ್ಲಿ ನಡೆದದ್ದನ್ನು ಅತ್ತೆ ನನಗೆ ಒಂದೇ ಸಲ ಹೇಳಿದ್ದಾಳೆ, ಮತ್ತೆ ಹೇಳು ಎಂದರೆ ಹೇಳುವುದಿಲ್ಲ. ಅಶ್ವಿನಿ ಫೋನ್ ಎತ್ತಿದಳು. "ಬಾಗ್ಲು ಹಾಕು, ಚಿಲಕ ಹಾಕು, ಏನೂ ಕೇಳ್ಬೇಡ" ಎಂದಳು ಅತ್ತೆ. ಚಿಲಕ ಬಿದ್ದ ಸದ್ದು ಕೇಳಿತು. "ಯಾಕ್ರಿ ನರ್ಮದಮ್ಮ?" ಎಂದು ಅಶ್ವಿನಿ ಕೇಳುವಷ್ಟರಲ್ಲಿ ಬಾಗಿಲು ಬಡಿದ ಸದ್ದೂ ಕೇಳಿತು. ಟಿಣ್ ಎನ್ನುವ ಸದ್ದಲ್ಲ, ಮರದ ಬಾಗಿಲನ್ನು ಬೆರಳ ಗಂಟಿನಿಂದ ಬಡಿಯುವ ಸದ್ದು. ಎರಡು ಬಸ್ಸು ದೂರದ ಸೊರಬದಲ್ಲಿ, ಸಾರಿನ ಒಲೆಯ ಮುಂದೆ ನಿಂತು ಅತ್ತೆ ಅದನ್ನು ಕೇಳಿದಳು. ಆಮೇಲೆ ಅವನ ದನಿ. "ಅಶ್ವಿನಿ, ನಾನು. ಬಾಗ್ಲು ತೆಗಿ, ಐದು ನಿಮಿಷ ಮಾತಾಡ್ತೀನಿ ಅಷ್ಟೆ."

ಅಶ್ವಿನಿಯ ಉಸಿರು ಫೋನಿನಲ್ಲಿ ಕೇಳುತ್ತಿತ್ತು. "ಫೋನ್ ಇಡ್ಬೇಡ ಮಗಳೇ, ನಾನಿದೀನಿ, ರಂಜಿನಿ ಬರ್ತಿದಾಳೆ" ಎಂದು ಅತ್ತೆ ಹೇಳುತ್ತಲೇ ಇದ್ದಳು. ಎಷ್ಟು ಸಲ ಹೇಳಿದಳೋ ಅವಳಿಗೂ ಗೊತ್ತಿಲ್ಲ. ಸಾರು ಸೀದು ಪಾತ್ರೆ ಕರಕಲಾದದ್ದು ಆಮೇಲೆ ತಿಳಿಯಿತು.

ನಾನು ಹೋದಾಗ ಅವನು ಮಹಡಿಯ ಕೊನೆ ಮೆಟ್ಟಿಲಿನಲ್ಲಿ, ಅವಳ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಪಕ್ಕದಲ್ಲಿ ಸೇಬು ಹಣ್ಣಿನ ಕವರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದ. ನನ್ನ ಹೆದರಿಕೆ ಅವನಿಗೆ ಕಾಣಬಾರದು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೆಳಗಿನ ಮನೆಯವರು ಬಂದರು, ಎದುರಿನ ಹಿಟ್ಟಿನ ಗಿರಣಿಯವರು ಬಂದರು, ಯಾರೋ ಪೊಲೀಸರಿಗೆ ಫೋನ್ ಮಾಡಿದರು.

"ಕೂಗ್ಬೇಡ್ರಿ ಮೇಡಂ, ನಾನೇನು ಮಾಡ್ದೆ?" ಎಂದ ಅವನು. "ವಿಳಾಸ ನಿಮ್ಮ ವೆಬ್‌ಸೈಟಿನಾಗೇ ಇತ್ತಲ್ರಿ. ನಂಬರ್ ಕೊಟ್ಟವ್ರೂ ನಿಮ್ಮವ್ರೇ."

ಜನ ನನ್ನ ಮುಖ ನೋಡಿದರು.

ಫೋನಿನ ಹೆಂಗಸು ಅವನ ಅಮ್ಮ. ಠಾಣೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಗ ಊಟ ಬಿಟ್ಟಿದ್ದ, ಒಂದು ಸಲ ಮಾತಾಡಿಸಿದರೆ ಹುಡುಗಿ ಒಪ್ಪುತ್ತಾಳೆ ಎಂದಿದ್ದ, ಅದಕ್ಕೇ ಕೇಳಿದೆ ಎಂದಳು. ಈ ಸಲ ಮುಚ್ಚಳಿಕೆಯಲ್ಲಿ ಮುಗಿಯಲಿಲ್ಲ, ಕೇಸಾಯಿತು. ಕೆಲವು ದಿನಕ್ಕೆ ಜಾಮೀನೂ ಆಯಿತು. ಅವನಿಗೆ ಜಾಮೀನಾದ ದಿನ ಅಶ್ವಿನಿ ಅಮ್ಮನನ್ನು ಕರೆದುಕೊಂಡು ಊರು ಬಿಟ್ಟಳು. ಎಲ್ಲಿಗೆ ಎಂದು ನಮಗೆ ಹೇಳಲಿಲ್ಲ. ನಮಗೆ ಏಕೆ ಹೇಳಬೇಕು?

ಅತ್ತೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಂಪು ಶಾಯಿಯ ಪೆನ್ನನ್ನು ಒಲೆಗೆ ಹಾಕಿದಳು. "ನಂಗೆ ಮುಚ್ಚಿಟ್ಟೋನು ನನ್ನ ಕೆಡಿಸ್ದ ಅಂತ ಇಷ್ಟು ವರ್ಷ ಬೈದೆ ರಂಜಿನಿ. ನಾನು ಮುಚ್ಚಿಡ್ದೇ ಆ ಹುಡುಗಿನ ಕೆಡಿಸ್ದೆ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಪ್ರಶ್ನೆಗಳನ್ನು ಕಿತ್ತೆ, ವಿಳಾಸದ ಜಾಗವನ್ನೇ ತೆಗೆದೆ, ಎಂಬತ್ತೊಂದು ಹುಡುಗಿಯರಿಗೆ ಅವರವರ ಸ್ವಂತ ನಂಬರನ್ನೇ ಹಾಕಿಸಿದೆ. ಒಂದು ಮಾತ್ರ ಹಾಗೇ ಉಳಿಯಿತು. ಆರುನೂರ ಹದಿನಾಲ್ಕು. ಅಶ್ವಿನಿಯ ಹೊಸ ನಂಬರ್ ನಮ್ಮಲ್ಲಿರಲಿಲ್ಲ, ಅವಳನ್ನು ಕೇಳದೆ ಅವಳ ಪುಟ ಮುಟ್ಟಲು ನನಗೆ ಧೈರ್ಯವೂ ಇರಲಿಲ್ಲ.

ಎರಡು ತಿಂಗಳಾಗಿತ್ತು. ಭಾನುವಾರ, ಅತ್ತೆಯ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದೆವು. ಟಿಣ್ ಎಂದಿತು. ಅತ್ತೆ ಸೆರಗಿನ ಗಂಟು ಬಿಚ್ಚಿ ನೋಡಿದಳು. ಫೈಲ್ 614. ತಟ್ಟೆಯನ್ನು ದೂರ ಸರಿಸಿದಳು. ಫೋನು ಬಡಿದುಕೊಂಡಿತು, ಗೊತ್ತಿಲ್ಲದ ನಂಬರು. ನಾನು ಸ್ಪೀಕರ್ ಹಾಕಿದೆ.

"ನರ್ಮದಮ್ಮ, ನಾನ್ರಿ, ಅಶ್ವಿನಿ. ನಂಬರ್ ಬಂತಲ್ಲ, ಹೇಳ್ರಿ."

ದನಿ ಅವಳದೇ ಎಂದು ನನಗನಿಸಿತು. ಹೇಳು ಎಂದು ತಲೆಯಾಡಿಸಿದೆ. ಅತ್ತೆ ಹೇಳಲಿಲ್ಲ. ನಕ್ಷತ್ರ ಕೇಳಲಿಲ್ಲ, ಹುಟ್ಟಿದ ವೇಳೆ ಕೇಳಲಿಲ್ಲ, ಅಮ್ಮನ ಹೆಸರು ಕೇಳಲಿಲ್ಲ.

"ಮೊದಲನೇ ಸಲ ಅವನ ವಿಷಯ ಹೇಳಕ್ಕೆ ನಮ್ಮನೆಗೆ ಬಂದ್ಯಲ್ಲ, ಆವತ್ತು ಎಲ್ಲಿ ಕೂತಿದ್ದೆ?"



"ಕೂತಿರಲಿಲ್ರಿ. ಬಾಗಿಲ ಹತ್ರ ನಿಂತೇ ಇದ್ದೆ. ನೀರು ಕೊಟ್ರಿ, ಅರ್ಧ ಚೆಲ್ಲಿದೆ."

ಅತ್ತೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಆರಂಕಿಯನ್ನು ಒಂದೊಂದಾಗಿ ಓದಿದಳು. ಆ ಕಡೆ ಗುಂಡಿ ಒತ್ತುವ ಸದ್ದಾಯಿತು. ಒಂದು ನಿಮಿಷದ ಮೇಲೆ ಮತ್ತೆ ಟಿಣ್. ನಾನು ನೋಡಿದೆ. ಫೈಲ್ 614ರ ಪುಟವನ್ನು ಅಳಿಸಲಾಗಿದೆ ಎಂದು ಬಂದಿತ್ತು. ನಾನ್ಯಾಕೆ ಹೋಗ್ಲಿ ಎಂದವಳು ಅವಳು, ಅವನು ಬರದ ಹಾಗೆ ಮಾಡುತ್ತೇನೆ ಎಂದು ಹಟ ತೊಟ್ಟವಳು ನಾನು. ಕೊನೆಗೆ ಹೋದವಳು ಅವಳೇ.

"ಆಯ್ತು ನರ್ಮದಮ್ಮ. ನಿಮ್ಮ ಮೇಲೆ ಸಿಟ್ಟಿಲ್ರಿ. ಆವತ್ತು ನೀವು ಫೋನ್ ಇಟ್ಟಿದ್ರೆ ನಾನು ಬಾಗ್ಲು ತೆಗೆದು ಓಡ್ತಿದ್ದೆ."

ಅತ್ತೆಯ ಮುಖ ಮೊದಲಿನ ನರ್ಮದತ್ತೆಯ ಮುಖವಾಯಿತು, ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವವಳ ಮುಖ. "ಈಗ ಎಲ್ಲಿದೀಯ ಮಗಳೇ?" ಎಂದಳು.

"ನಾವು ಈಗ—" ಎಂದು ಅಶ್ವಿನಿ ಶುರುಮಾಡಿದಳು.

"ಬೇಡ!" ಅತ್ತೆ ಕೂಗಿದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಹೇಳ್ಬೇಡ. ನಂಗೂ ಹೇಳ್ಬೇಡ."